ಧ್ರುವ ಜರುಗಿದ ದೀಪಾವಳಿ

ಕಳೆದ ವಾರ ಘಾಜಿಯಾಬಾದಿನಲ್ಲಿ ನಮ್ಮ ಆಫೀಸಿನ ರೇಣುಕಾಳ ಗೃಹಪ್ರವೇಶ. ಅವರಿಗೆ ಹೊಸ ಮನೆ, ಕಟ್ಟಡ ಮಾತ್ರ ಹಳೆಯದು. ಒಳಗೆ ಕಾಲಿಡುತ್ತಿದ್ದಂತೆ ಹೋಮದ ಹೊಗೆ, ತುಪ್ಪ, ಮಲ್ಲಿಗೆ ಎಲ್ಲವನ್ನೂ ತಳ್ಳಿಕೊಂಡು ನೆನೆದ ಗಾರೆಯ ವಾಸನೆ ಮೂಗಿಗೆ ಬಂತು. ಅಷ್ಟೇ, ತಂದಿದ್ದ ಉಡುಗೊರೆ ಕೊಡುವುದನ್ನೂ ಮರೆತು ತಲೆಯೆತ್ತಿ ಸೂರು ನೋಡುತ್ತ ನಿಂತೆ. ಬಂದವರೆಲ್ಲ ನೆಲದ ಟೈಲ್ಸನ್ನು, ಅಡಿಗೆಮನೆಯ ಕಪಾಟುಗಳನ್ನು ಹೊಗಳುತ್ತಿದ್ದರೆ ನಾನು ಕೋಣೆಯಿಂದ ಕೋಣೆಗೆ ಕತ್ತು ಮೇಲೆ ಮಾಡಿಕೊಂಡೇ ಹೋದೆ. ಕೊನೆಯ ಕೋಣೆಯಲ್ಲಿ ರೇಣುಕಾಳ ಅತ್ತೆ ಮಲಗಿದ್ದರು. ಅವರ ಪಕ್ಕ ಕೂತು, ಕಿವಿಯ ಹತ್ತಿರ ಬಾಗಿ ಒಂದು ಪ್ರಶ್ನೆ ಕೇಳಿದೆ. ಬಾಗಿಲಲ್ಲಿ ನಿಂತಿದ್ದ ರೇಣುಕಾಳ ಮುಖ ಬಾಡಿಹೋಯಿತು. “ಸುಮಾ ಅವರೇ, ಶುಭದ ದಿನ ಇದೇನ್ರೀ ಕೇಳ್ತಿದ್ದೀರಾ?” ಎಂದಳು. ನಾನು ಏನು ಕೇಳಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಯಾಕೆ ಕೇಳಿದೆ ಎನ್ನುವುದನ್ನು ಮೊದಲು ಹೇಳದಿದ್ದರೆ ನೀವೂ ನನ್ನನ್ನು ಅಪಶಕುನದವಳು ಅಂದುಕೊಳ್ಳುತ್ತೀರಿ.

ನಾನು ಹುಟ್ಟಾ ಪುಕ್ಕಲಿ. ನಾಯಿ ಕಂಡರೆ ಹೆದರಿಕೆ, ಲಿಫ್ಟ್ ಹತ್ತಲು ಹೆದರಿಕೆ, ಮೆಟ್ರೋದ ಎಸ್ಕಲೇಟರಿನಲ್ಲಿ ಸೀರೆ ಸಿಕ್ಕಿಹಾಕಿಕೊಂಡೀತೆಂದು ಹೆದರಿಕೆ. ಇಂಥವಳಿಗೆ ಕತ್ತಲಾದ ಮೇಲೆ ತಾರಸಿಯಲ್ಲಿ ಒಬ್ಬಳೇ ಕೂತು ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಹತ್ತಿದ್ದು ಲಾಕ್‌ಡೌನಿನಲ್ಲಿ. ಆಗ ದಿಲ್ಲಿಯ ಆಕಾಶ ತೊಳೆದಿಟ್ಟ ಹಾಗಿತ್ತು. ನಮ್ಮದು ದ್ವಾರಕಾದಲ್ಲಿ ನಾಲ್ಕು ಮಹಡಿಯ ಹಳೆಯ ಬ್ಲಾಕು, ಮೇಲಿನ ಮನೆಯೇ ನಮ್ಮದು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕಡತ ತಿರುವುವವಳು. ನನ್ನ ಗಂಡ ಶ್ರೀಧರ ಕೂಡ ಇನ್ನೊಂದು ಕಚೇರಿಯಲ್ಲಿ ಅದನ್ನೇ ಮಾಡುವವರು. ಜೊತೆಗೆ ಮಾವನವರು. ಅವರೂ ಇದೇ ದಿಲ್ಲಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಲಾಕ್‌ಡೌನ್ ಮುಗಿದ ಮೇಲೆ ಆಕಾಶ ಮತ್ತೆ ಕೊಳೆಯಾಯಿತು, ಹುಚ್ಚು ಮಾತ್ರ ಬಿಡಲಿಲ್ಲ. ಲಕ್ಷ್ಮೀ ನಗರದಲ್ಲಿ ಕೋಚಿಂಗ್ ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ ತನ್ನ ಟೆಲಿಸ್ಕೋಪನ್ನೂ ಅದನ್ನು ಹೊತ್ತು ತಿರುಗಿಸುವ ಮೌಂಟನ್ನೂ ಮಾರುತ್ತಿದ್ದ. ಹೋಗಿ ಹೊತ್ತುಕೊಂಡು ಬಂದೆ.

ಈ ಮೌಂಟ್ ಎನ್ನುವುದರ ಕೆಲಸ ಇಷ್ಟೇ. ಭೂಮಿ ತಿರುಗುತ್ತದಲ್ಲ, ಅದಕ್ಕೆ ಎದುರಾಗಿ ಅಷ್ಟೇ ನಿಧಾನವಾಗಿ ಟೆಲಿಸ್ಕೋಪನ್ನು ತಿರುಗಿಸಬೇಕು. ಆಗ ಕ್ಯಾಮೆರಾದ ಕಣ್ಣು ನಿಮಿಷಗಟ್ಟಲೆ ತೆರೆದಿದ್ದರೂ ನಕ್ಷತ್ರ ಇದ್ದಲ್ಲೇ ಚುಕ್ಕೆಯಾಗಿ ಮೂಡುತ್ತದೆ. ಮೌಂಟ್ ಒಂದಿಷ್ಟು ತಡವರಿಸಿದರೂ ಸಾಸಿವೆ ಕಾಳಿನಂತಿರಬೇಕಾದ ನಕ್ಷತ್ರ ಜೀರಿಗೆಯಂತೆ ಉದ್ದವಾಗುತ್ತದೆ. ನನ್ನ ಫೋಟೋಗಳ ತುಂಬ ಜೀರಿಗೆಯೇ. ನಮ್ಮವರು ನೋಡಿ, “ಚೆನ್ನಾಗಿದೆ ಕಣೇ, ಸಾರಿಗೆ ಹಾಕು” ಅನ್ನುತ್ತಿದ್ದರು.

ಆ ವರ್ಷ ಮಳೆ ತಡವಾಗಿ ಬಂದು ತಡವಾಗಿಯೇ ಹೋಯಿತು. ದಸರಾ ಹತ್ತಿರ ಬಂದಾಗ ಆಕಾಶ ತೆರೆಯಿತು. ದಿಲ್ಲಿಯಲ್ಲಿ ನಮ್ಮಂಥವರಿಗೆ ಸಿಗುವುದು ಅದೊಂದೇ ಸಂದು. ಮಳೆ ಹೋಗಿ ಹೊಗೆ ಇನ್ನೂ ಬಂದಿರದ ಆ ಕೆಲವು ವಾರಗಳು. ಸಂಜೆಯಾದರೆ ರಾಜಹಂಸ ನಕ್ಷತ್ರಪುಂಜ ನೆತ್ತಿಯ ಮೇಲೇ ಬಂದು ನಿಲ್ಲುತ್ತಿತ್ತು. ಅದರ ರೆಕ್ಕೆಯ ಪಕ್ಕದಲ್ಲಿ, ಎಂದೋ ಸಿಡಿದು ಸತ್ತ ನಕ್ಷತ್ರವೊಂದರ ಹೊಗೆ ಹರಿದ ಸೆರಗಿನಂತೆ ಹಬ್ಬಿಕೊಂಡಿದೆ. ಬರಿಗಣ್ಣಿಗೆ ಕಾಣುವುದಿಲ್ಲ, ಫಿಲ್ಟರ್ ಹಾಕಿ ಬಹಳ ಹೊತ್ತು ಕ್ಯಾಮೆರಾ ತೆರೆದಿಟ್ಟರೆ ಮಾತ್ರ ಬರುತ್ತದೆ. ಈ ಸಲ ಅದನ್ನು ಹಿಡಿಯದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಮೌಂಟನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹರವಿದೆ. ಒಣಗಿ ಅಂಟಾಗಿದ್ದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದೆ, ಹಲ್ಲುಚಕ್ರಗಳ ನಡುವಿನ ಸಡಿಲವನ್ನು ತಿರುಪು ತಿರುಗಿಸಿ ತಿರುಗಿಸಿ ಸರಿಮಾಡಿದೆ. ಮನೆಯಲ್ಲಿ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ತಾರಸಿಯ ಮೇಲೆ ಕಬ್ಬಿಣದ ಕಂಬವೊಂದನ್ನು ಬೋಲ್ಟ್ ಹಾಕಿ ಬಿಗಿಸಿ, ಮೌಂಟನ್ನು ಅದರ ತಲೆಯ ಮೇಲೆ ಕೂರಿಸಿದೆ. ಕಾಲುಗಳ ಸ್ಟ್ಯಾಂಡಿಗಿಂತ ಕಂಬ ಗಟ್ಟಿ. ಆಮೇಲೆ ಗೈಡ್ ಕ್ಯಾಮೆರಾ ಸಿಕ್ಕಿಸಿದೆ. ಅದು ಒಂದು ನಕ್ಷತ್ರವನ್ನೇ ದಿಟ್ಟಿಸುತ್ತ, ಮೌಂಟ್ ಎಷ್ಟು ತಪ್ಪಿತು ಎನ್ನುವುದನ್ನು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಬರೆಯುತ್ತದೆ. ಮೊದಲು ಹಾವಿನಂತೆ ಹೊರಳಾಡುತ್ತಿದ್ದ ಗೆರೆ ನನ್ನ ರಿಪೇರಿಯ ನಂತರ ನೆಟ್ಟಗಾಯಿತು. ಆ ದಿನ ನನಗಾದ ಖುಷಿಯಲ್ಲಿ ಶಾವಿಗೆ ಪಾಯಸ ಮಾಡಿದ್ದೆ.

ಇನ್ನು ಉಳಿದದ್ದು ಧ್ರುವ ನಕ್ಷತ್ರ. ಮೌಂಟಿನ ಅಕ್ಷ ಉತ್ತರ ಧ್ರುವದತ್ತ ಸರಿಯಾಗಿ ಗುರಿಯಿಟ್ಟಿರಬೇಕು. ಅದಕ್ಕೆಂದೇ ಅಕ್ಷದೊಳಗೆ ಪುಟ್ಟ ದುರ್ಬೀನಿದೆ, ಅದರಲ್ಲಿ ಪುಟ್ಟ ವೃತ್ತ. ಧ್ರುವ ನಕ್ಷತ್ರವನ್ನು ಆ ವೃತ್ತದಲ್ಲಿ ಕೂರಿಸಿ ತಿರುಪು ಬಿಗಿದರೆ ಮುಗಿಯಿತು. ಕಂಬ ಅಲ್ಲಾಡದಿದ್ದರೆ ಮತ್ತೆ ಮುಟ್ಟಬೇಕಾಗಿಲ್ಲ. ನಾನು ಕೂರಿಸಿದೆ. ಮರುಸಂಜೆ ನೋಡಿದರೆ ಧ್ರುವ ವೃತ್ತದ ಅಂಚಿಗೆ ಬಂದಿದ್ದ. ನನ್ನದೇ ಕೈತಪ್ಪು ಅಂದುಕೊಂಡು ಮತ್ತೆ ಕೂರಿಸಿದೆ. ಅದರ ಮರುಸಂಜೆ ಮತ್ತೆ ಹೊರಗೆ. ಅದೂ ಅದೇ ಕಡೆಗೆ.

ನಮ್ಮ ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ನಮ್ಮಿಬ್ಬರನ್ನು ಅಂಗಳಕ್ಕೆ ಕರೆದೊಯ್ದು, ಬಿಸಿಲಿಗೆ ಬೆರಳು ತೋರಿಸಿ, “ಅಗೋ ಧ್ರುವ, ಕಾಣ್ತಾ?” ಎಂದಿದ್ದರು. ನಾವು ಕಣ್ಣು ಕಿರಿದು ಮಾಡಿ “ಕಾಣ್ತು” ಎಂದಿದ್ದೆವು. ಅಲ್ಲಾಡದವನು ಅವನೊಬ್ಬನೇ ಎಂದು ಅವರು ಹೇಳಿದ್ದು ನೆನಪಿತ್ತು. ಹಾಗಿದ್ದ ಮೇಲೆ ಅಲ್ಲಾಡುತ್ತಿರುವುದು ನನ್ನ ಕಂಬವೇ ಇರಬೇಕು. ಸ್ಪ್ಯಾನರ್ ತಂದು ಬೋಲ್ಟುಗಳನ್ನು ಕೈ ನೋಯುವಷ್ಟು ಬಿಗಿದೆ. ಬೋಲ್ಟು ಒಂದು ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಧ್ರುವನನ್ನು ಮತ್ತೆ ಕೂರಿಸಿದರೂ ಮಾರನೆಯ ಸಂಜೆ ಅವನು ವೃತ್ತದಾಚೆ. ಬೋಲ್ಟು ಗಟ್ಟಿಯಿದೆ, ಕಂಬ ಗಟ್ಟಿಯಿದೆ. ಹಾಗಾದರೆ ಕಂಬದ ಕೆಳಗಿನದು?

ಕಂಬದ ಕೆಳಗೆ ತಾರಸಿ. ತಾರಸಿಯ ಕೆಳಗೆ ಮಾವನವರ ಕೋಣೆ.

ತಾರಸಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಂಥ ಬ್ಲಾಕುಗಳಲ್ಲಿ ಒಂದೊಂದು ಮನೆಗೂ ಮೇಲೆ ಒಂದೊಂದು ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕು. ದಿಲ್ಲಿಯ ಬೇಸಿಗೆಯಲ್ಲಿ ಆ ನೀರಿಗೆ ಕೈಯಿಟ್ಟರೆ ಬೊಬ್ಬೆ ಬರಬೇಕು. ಆದ್ದರಿಂದ ಬೇಸಿಗೆ ಬಂತೆಂದರೆ ಎಲ್ಲರೂ ತಮ್ಮ ತಮ್ಮ ಟ್ಯಾಂಕನ್ನು ಖಾಲಿ ಮಾಡಿ, ಮೆಟ್ಟಿಲ ತಲೆಯ ಮೇಲಿರುವ ಕೋಣೆಯ ಮಗ್ಗುಲಿಗೆ ತಳ್ಳಿಕೊಂಡು ಬಂದು, ಉದ್ದನೆಯ ಪೈಪು ಸಿಕ್ಕಿಸುತ್ತಾರೆ. ಆ ಕೋಣೆಗೆ ಇಲ್ಲಿ ಮಮ್ಟಿ ಅನ್ನುತ್ತಾರೆ. ಮಧ್ಯಾಹ್ನದ ಮೇಲೆ ಅದರ ನೆರಳು ಬೀಳುವ ಜಾಗ ತಾರಸಿಯಲ್ಲಿ ಒಂದೇ. ಚಳಿ ಬಂದಾಗ ಮತ್ತೆ ಬಿಸಿಲಿಗೆ, ಗೋಡೆಗಳ ಮೇಲಿನ ಗಟ್ಟಿ ಜಾಗಕ್ಕೆ ಎಳೆಯುವುದು. ನಮ್ಮಲ್ಲಿ ಹಪ್ಪಳ ಸಂಡಿಗೆಯನ್ನು ಬಿಸಿಲು ನೋಡಿಕೊಂಡು ಸರಿಸುವ ಹಾಗೆ ಇಲ್ಲಿ ಟ್ಯಾಂಕು. ಆ ವರ್ಷ ಮಳೆ ಎಳೆದಾಡಿದ್ದರಿಂದ ಯಾರೂ ವಾಪಸು ಎಳೆದಿರಲಿಲ್ಲ. ಸಾಲದ್ದಕ್ಕೆ ನೀರಿನ ತಾಪತ್ರಯವೆಂದು ಅನೇಕರು ಇನ್ನೊಂದು ಟ್ಯಾಂಕು ತಂದು ಅಲ್ಲೇ ಒತ್ತಿ ಇಟ್ಟಿದ್ದರು. ಹೆಗಲಿಗೆ ಹೆಗಲು ತಾಗಿಸಿ ನಿಂತ ಆ ಟ್ಯಾಂಕುಗಳ ಪಕ್ಕದಲ್ಲೇ ನನ್ನ ಕಂಬ.

ಆ ವಾರವೇ ಎಲ್ಲೋ ದೊಡ್ಡ ಪೈಪು ಒಡೆದು ನಮ್ಮ ಸೆಕ್ಟರಿಗೆ ನೀರು ಬರಲಿಲ್ಲ. ಬಕೆಟು, ಕೊಡ ಎಲ್ಲ ಖಾಲಿಯಾಗಿ, ಕೆಳಗೆ ಜನ ಬೈದಾಡಿಕೊಳ್ಳುತ್ತಿದ್ದರು. ಸಂಜೆ ನಾನು ಮೇಲೆ ಹೋಗಿ ಪುಟ್ಟ ದುರ್ಬೀನಿಗೆ ಕಣ್ಣಿಟ್ಟೆ. ನಿನ್ನೆ ವೃತ್ತದಾಚೆ ಇದ್ದ ಧ್ರುವ, ನಾನು ತಿರುಪನ್ನು ಮುಟ್ಟಿರದಿದ್ದರೂ, ವೃತ್ತದ ಅಂಚಿಗೆ ವಾಪಸು ಬಂದಿದ್ದ. ಹತ್ತಿರದ ಟ್ಯಾಂಕನ್ನು ಬೆರಳಿನಿಂದ ತಟ್ಟಿದೆ. ಡೋಲಿನಂತೆ ಟೊಳ್ಳು ಸದ್ದು. ಅಷ್ಟರಲ್ಲಿ ಕೆಳಗೆ ಟ್ಯಾಂಕರ್ ಲಾರಿ ಬಂದ ಗದ್ದಲ ಕೇಳಿತು. “ಭಯ್ಯಾ, ಪೆಹಲೇ ಹಮಾರಾ!” ಎಂದು ತಮಗೇ ಮೊದಲು ನೀರು ಬೇಕೆನ್ನುವ ಕೂಗಾಟ, ಮೋಟರುಗಳ ಗುಂಯ್‌ಗುಟ್ಟುವಿಕೆ. ಟ್ಯಾಂಕುಗಳೊಳಗೆ ನೀರು ಬೀಳತೊಡಗಿತು. ನಾನು ಮಂಡಿಯೂರಿ ಕಣ್ಣಿಟ್ಟೇ ಇದ್ದೆ. ನೀರು ಏರುತ್ತ ಹೋದಂತೆ ಧ್ರುವ ವೃತ್ತದ ಅಂಚನ್ನು ದಾಟಿ, ನಿಧಾನವಾಗಿ, ಬಹಳ ನಿಧಾನವಾಗಿ ಹೊರಗೆ ನಡೆದ. ಕೊನೆಗೆ ನಿಂತದ್ದು ನಿನ್ನೆಗಿಂತಲೂ ದೂರದಲ್ಲಿ.

ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ಅದು ಹೇಗಿರುತ್ತದೆಂದು ಆಗ ಗೊತ್ತಾಯಿತು. ನಾನು ನಿಂತ ನೆಲವೇ ಬಗ್ಗುತ್ತಿತ್ತು. ಎದ್ದು ನಡೆಯಲೂ ಭಯವಾಗಿ, ಗೋಡೆಯ ಅಂಚು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲು ಸೇರಿದೆ. ನೇರ ಮಾವನವರ ಕೋಣೆಗೆ ಹೋದೆ. ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಅವರ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ಆಗ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ ಹೋಗಿಬರುವಷ್ಟು ಮಾತ್ರ ನಡೆಯುತ್ತಿದ್ದರು. ಅವರು ಮಲಗಿದ್ದರು, ಎದೆಯ ಮೇಲೆ ರೇಡಿಯೋ. ನಾನು ಸೂರು ನೋಡಿದೆ. ಫ್ಯಾನಿನ ಕೊಂಡಿಯ ಸುತ್ತ ಹೋಳಿಗೆಯಷ್ಟಗಲ ತೇವದ ಕಲೆ, ಅದರಿಂದ ಗೋಡೆಯ ಕಡೆಗೆ ಕೂದಲಿನಂಥ ಒಂದು ಬಿರುಕು. ಕೋಣೆಯ ತುಂಬ ನೆನೆದ ಗಾರೆಯ ವಾಸನೆ. “ಏನಮ್ಮಾ, ನಿನ್ನ ನಕ್ಷತ್ರ ಇಲ್ಲಿಗೆ ಬಿತ್ತಾ?” ಎಂದು ನಕ್ಕರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಚಪಾತಿ ಮುರಿಯುತ್ತಲೇ ಇದ್ದರು.

“ಅಲ್ವೇ, ಅದು ಸೆಕೆಂಡ್‌ಹ್ಯಾಂಡ್ ಮೆಷಿನ್ನು. ಅದರ ಮಾತು ಕೇಳಿ ಮನೆ ಬೀಳುತ್ತೆ ಅಂತೀಯಲ್ಲ.”

“ಮೆಷಿನ್ ಸರಿ ಇದೆ ರೀ. ನಾನೇ ಸರಿ ಮಾಡಿದ್ದು.”

“ಅದಕ್ಕೇ ಹೇಳ್ತಿರೋದು!”

“ತಮಾಷೆ ಬೇಡ. ನಾಳೆ ಮಾವನ ಮಂಚ ಹಾಲ್‌ಗೆ ತರೋಣ.”

ಅವರು ಕೈ ನಿಲ್ಲಿಸಿದರು. “ಹಾಲ್‌ಗೆ? ಬಚ್ಚಲು ಇರೋದು ಆ ಕೋಣೆಗೆ ಅಂಟಿಕೊಂಡು. ಹಾಲ್‌ನಿಂದ ಅಷ್ಟು ದೂರ ಅಪ್ಪ ನಡೀತಾರಾ? ಪರದೆ ಕಟ್ಟಿ, ಬಂದವರೆದುರು ಪಾತ್ರೆ ಇಡಬೇಕು. ಅಪ್ಪನ ಮಾನ ತೆಗೀತೀಯಾ? ಅಚ್ಛಾ, ತ್ಯಾಗಿ ಜೀನ ಕೇಳು, ಅವರು ಒಪ್ಪಿದ್ರೆ ನೋಡೋಣ.”

ತ್ಯಾಗಿ ಜೀ ನಮ್ಮ ಸೊಸೈಟಿಯ ಸೆಕ್ರೆಟರಿ, ನೆಲಮಹಡಿಯವರು. ಒಳ್ಳೆಯ ಮನುಷ್ಯರೇ. ಲ್ಯಾಪ್‌ಟಾಪು ಒಯ್ದು, ಧ್ರುವ ಜರುಗಿದಂದಿನಿಂದ ಒಂದೇ ಕಡೆಗೆ ಜಾರುತ್ತಿದ್ದ ಗೆರೆಗಳನ್ನು ತೋರಿಸಿದೆ. ಪೂರ್ತಿ ಕೇಳಿದರು. ಆಮೇಲೆ, “ಮ್ಯಾಡಮ್ ಜೀ, ಧ್ರುವ ತಾರಾ ಖಿಸಕ್ ಗಯಾ? ಫಿರ್ ತೋ ಭಗವಾನ್ ಹೀ ಮಾಲಿಕ್ ಹೈ!” ಎಂದು, ಧ್ರುವನೇ ಜರುಗಿದರೆ ಇನ್ನು ದೇವರೇ ಗತಿ ಎನ್ನುತ್ತ ಹೊಟ್ಟೆ ಕುಣಿಸಿ ನಕ್ಕರು. ಟ್ಯಾಂಕು ಸರಿಸಲು, ಇಂಜಿನಿಯರನ್ನು ಕರೆಸಲು ಎಲ್ಲ ಮನೆಗಳವರೂ ಒಪ್ಪಬೇಕು, ದೀವಾಲಿ ಆಗಲಿ, ಆಮೇಲೆ ಮೀಟಿಂಗ್ ಕರೆಯೋಣ ಎಂದರು. ಮರುದಿನದಿಂದ ಮೆಟ್ಟಿಲಲ್ಲಿ ಸಿಕ್ಕವರೆಲ್ಲ “ಧ್ರುವ ತಾರಾ ಕೈಸಾ ಹೈ?” ಎಂದು ಧ್ರುವನ ಕ್ಷೇಮ ವಿಚಾರಿಸತೊಡಗಿದರು. ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದು.

ಕೊನೆಗೆ ಮಾವನವರನ್ನೇ ಕೇಳಿದೆ. ಲ್ಯಾಪ್‌ಟಾಪನ್ನು ಅವರ ಎದುರಿಗಿಟ್ಟು, ನೀರು, ಟ್ಯಾಂಕು, ಕಂಬ, ಧ್ರುವ ಎಲ್ಲ ಬಿಡಿಸಿ ಹೇಳಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಆ ಗೆರೆಯನ್ನು ನೋಡಿದರು.

“ನನಗೆ ಇದೆಲ್ಲ ತಿಳಿಯಲ್ಲಮ್ಮ. ಒಂದು ಹೇಳು. ನಿನಗೆ ನಿಜವಾಗಿ ಹೆದರಿಕೆ ಆಗ್ತಿದೆಯಾ?”

“ಬಹಳ ಆಗ್ತಿದೆ ಮಾವ.”

“ಸರಿ ಹಾಗಾದ್ರೆ. ಮಂಚ ಹೊರಗೆ ಹಾಕು.”

ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ನನ್ನ ಮೇಲಿನ ಮಮತೆಗೆ ಒಪ್ಪಿದರು ಎಂದುಕೊಂಡು ಕಣ್ಣಲ್ಲಿ ನೀರು ಬಂತು. ತೀರಿಕೊಂಡ ಅತ್ತೆಯ ಸೀರೆಗಳಿದ್ದ ಹಳೆಯ ಟ್ರಂಕನ್ನೂ ಮಾವನವರ ಜೊತೆ ಹಾಲಿಗೆ ತಂದೆವು, ಅದಿಲ್ಲದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಹಾಲಿನ ಮೂಲೆಗೆ ಹಳೆಯ ಬೆಡ್‌ಶೀಟಿನ ಪರದೆ ಕಟ್ಟಿದ್ದೆವು. ಮನೆಗೆಲಸದವಳು ಒಳಗೆ ಬಂದರೆ ಮಾವನವರು ಗೋಡೆಯ ಕಡೆ ಮುಖ ಮಾಡಿಬಿಡುತ್ತಿದ್ದರು. ಪಾತ್ರೆ ಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು, ತುಟಿ ಒಡೆಯಿತು. ಅತ್ತ ಸೂರು ತನ್ನ ಪಾಡಿಗೆ ತಾನು ನೆಟ್ಟಗಿತ್ತು. ಒಂದು ಚೂರು ಸುಣ್ಣವೂ ಉದುರಲಿಲ್ಲ. ನಮ್ಮವರು ಮಾತಾಡುವುದನ್ನು ಬಿಟ್ಟು ನಿಟ್ಟುಸಿರು ಬಿಡಲು ಶುರುಮಾಡಿದರು. ನನಗೂ ಅನುಮಾನ ಹತ್ತಿತು. ಹುಟ್ಟಾ ಪುಕ್ಕಲಿ ನಾನು, ಎಲ್ಲ ನನ್ನ ತಲೆಯೊಳಗಿನದೇ ಇರಬಹುದೇ? ಬೇಕೆಂದೇ ಒಂದೆರಡು ಸಂಜೆ ಮೇಲೆ ಹೋಗಲಿಲ್ಲ. ಹೋದರೆ ಧ್ರುವನನ್ನು ನೋಡಬೇಕಾಗುತ್ತದಲ್ಲ ಎನ್ನುವ ಹೆದರಿಕೆ. ನೋಡದಿದ್ದರೆ ಮಲಗಿದಲ್ಲಿ ಎದೆ ಡವಡವ. ಇದೇನು ಕರ್ಮ ಎಂದು ನನ್ನನ್ನೇ ಬೈದುಕೊಂಡೆ.

ದೀಪಾವಳಿ ಬಂತು. ನಮ್ಮ ಮನೆಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ ತಪ್ಪಿಸುವುದಿಲ್ಲ. ಹಂಡೆ ಇಲ್ಲದ ಊರಿನಲ್ಲಿ ಬಕೆಟುಗಳನ್ನೇ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಅಂಚಿನವರೆಗೆ ನೀರು ತುಂಬಿ ಇಡುತ್ತೇವೆ. ಬೆಳಗಿನ ಜಾವ ಎಣ್ಣೆ ಸ್ನಾನ. ಅಂದು ಬ್ಲಾಕಿನ ಉಳಿದವರೂ ಹಬ್ಬಕ್ಕೆ ಮನೆ ತೊಳೆಯುವ ಸಂಭ್ರಮದಲ್ಲಿದ್ದರು. ನಾಳೆ ನೀರು ಬರುತ್ತದೋ ಇಲ್ಲವೋ ಎಂದು ಎಲ್ಲರ ಮೋಟರೂ ಓಡುತ್ತಿತ್ತು.

ನಾನು ಬಕೆಟಿಗೆ ಕುಂಕುಮ ಹಚ್ಚುತ್ತಿದ್ದೆ. ನಮ್ಮವರು ಬಂದು ನಿಂತರು.

“ಸುಮಾ, ಸಾಕು ಮಾಡು. ನಾಳೆ ಆಫೀಸಿನವರೆಲ್ಲ ಮಿಠಾಯಿ ತಗೊಂಡು ಬರ್ತಾರೆ. ಅಪ್ಪನ್ನ ಹೀಗೆ ಪರದೆ ಹಿಂದೆ ಕೂರಿಸಿ ನಾನು ಏನಂತ ಹೇಳ್ಲಿ? ಅಪ್ಪನ್ನೂ ಕೇಳಿದೆ. ವಾಪಸ್ ಹೋಗ್ತೀನಿ ಅಂದ್ರು. ಚಲೋ, ಮಂಚ ಹಿಡಿ.”

ಮಾವನವರ ಕಡೆ ನೋಡಿದೆ. ಅವರು ವಾಕರ್ ಮೇಲೆ ಎರಡೂ ಕೈಯಿಟ್ಟು ಸಿದ್ಧವಾಗಿ ಕೂತಿದ್ದರು. “ಹಬ್ಬದ ದಿನ ಸ್ನಾನ ನನ್ನ ಬಚ್ಚಲಲ್ಲೇ ಆಗ್ಲಮ್ಮ,” ಎಂದರು. ಮುಖ ಮಾತ್ರ ಬಿಳಿಚಿಕೊಂಡಿತ್ತು. ನೀರು ಕುಡಿಯದ ನಿಶ್ಶಕ್ತಿ ಅಂದುಕೊಂಡೆ. ನನಗೂ ಸಾಕಾಗಿತ್ತು. ಮಂಚದ ಒಂದು ತುದಿ ನಾನೇ ಹಿಡಿದೆ. ಹಾಸಿಗೆ, ದಿಂಬು, ರೇಡಿಯೋ ಎಲ್ಲ ಮೊದಲಿನಂತೆ ಜೋಡಿಸಿದೆವು. ಮಾವನವರು ಬಾಗಿಲ ಹತ್ತಿರ ನಿಂತಿದ್ದರು, ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ.

“ಒಂದೇ ನಿಮಿಷ. ಅವರನ್ನ ಅಲ್ಲೇ ಕೂರಿಸಿ,” ಎಂದು ಮೇಲೆ ಓಡಿದೆ. ಕುಂಕುಮದ ಕೈಯಲ್ಲೇ ಮೌಂಟಿನ ಹೊದಿಕೆ ಎಳೆದೆ. ಆಗಲೇ ಪಟಾಕಿಯ ಹೊಗೆ ಕವಿಯತೊಡಗಿತ್ತು, ಉತ್ತರದಲ್ಲಿ ಧ್ರುವ ಮಿಣಮಿಣ. ಪುಟ್ಟ ದುರ್ಬೀನಿಗೆ ಕಣ್ಣಿಟ್ಟೆ. ವೃತ್ತದ ಹತ್ತಿರ ಅವನಿಲ್ಲ. ಹುಡುಕಿದೆ. ಎಂದೂ ಹೋಗಿರದಷ್ಟು ದೂರದಲ್ಲಿ, ಗಾಜಿನ ಅಂಚಿಗೆ ಅಂಟಿಕೊಂಡಿದ್ದ. ಪಕ್ಕದಲ್ಲಿ ಟ್ಯಾಂಕುಗಳು ಕಂಠಮಟ್ಟ ತುಂಬಿ, ಒಂದೆರಡರಿಂದ ನೀರು ಹೊರಚೆಲ್ಲಿ ಕಾಲಿಗೆ ತಣ್ಣಗೆ ತಾಗುತ್ತಿತ್ತು.

ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿ ಕಿರುಚಿದೆ. “ಮಾವ ಒಳಗೆ ಹೋಗಕೂಡದು! ನನ್ನ ಹೆಣ ದಾಟಿ ಹೋಗ್ಲಿ!” ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನಾನು ಅಂಥ ಮಾತಾಡಿದವಳಲ್ಲ. ನಮ್ಮವರು ಕೆಂಪಾದರು. “ಹಬ್ಬದ ಹೊತ್ತು ಬಾಯಲ್ಲಿ ಬರೋ ಮಾತಾ ಇದು? ಹುಚ್ಚು ಹಿಡಿದಿದೆ ನಿನಗೆ!” ಎಂದು ರೇಗಿದರು. ಮಾವನವರು ವಾಕರನ್ನು ತಿರುಗಿಸಿಕೊಂಡು, ಮೆಲ್ಲಗೆ ಹಾಲಿನ ಸೋಫಾಕ್ಕೆ ಹೋಗಿ ಕೂತರು. ಮಂಚ ಕೋಣೆಯಲ್ಲೇ ಉಳಿಯಿತು. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ.

ಬೆಳಗಿನ ಜಾವ ಮಾವನವರನ್ನು ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತುತ್ತಿದ್ದೆ. ನಮ್ಮವರು ನನ್ನೊಡನೆ ಮಾತು ಬಿಟ್ಟಿದ್ದರು. ಅಪ್ಪನ ಸ್ನಾನಕ್ಕೆಂದು ಆ ಕೋಣೆಯ ಬಚ್ಚಲಿನಲ್ಲಿ ಗೀಸರ್ ಹಾಕಿ, ಹೆಗಲ ಮೇಲೆ ಟವೆಲ್ ಹೊದ್ದು ಹೊರಗೆ ಬರುತ್ತಿದ್ದರು. ಹೊಸ್ತಿಲು ದಾಟಿರಬೇಕು, ಅಷ್ಟೇ. ಲಾರಿಯಿಂದ ಇಟ್ಟಿಗೆ ಸುರಿದಂಥ ಸದ್ದು. ನೆಲ ನಡುಗಿತು. ಬಿಳಿ ಧೂಳು ಬಾಗಿಲಿಂದ ನುಗ್ಗಿ ಬಂದು ಇಡೀ ಹಾಲನ್ನು ತುಂಬಿತು, ಅದರ ಜೊತೆಗೇ ಆ ನೆನೆದ ಗಾರೆಯ ವಾಸನೆ. ನಾನು ಮಾವನವರ ತಲೆಯನ್ನು ಹೊಟ್ಟೆಗೆ ಅವುಚಿಕೊಂಡು, “ರೀ! ರೀ!” ಎಂದು ಕೂಗಿದೆ. ಉತ್ತರವಿಲ್ಲ.

ಧೂಳು ಇಳಿದಾಗ ಕಂಡರು. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ಬಿಳಿಯಾಗಿ, ಕಣ್ಣು ಮಾತ್ರ ಕಪ್ಪಗೆ ಪಿಳಿಪಿಳಿ ಬಿಡುತ್ತ ನಿಂತಿದ್ದರು. ಅವರ ಬೆನ್ನ ಹಿಂದೆ ಸೂರಿನ ನಡುಭಾಗದ ಕಾಂಕ್ರೀಟು ಫ್ಯಾನಿನ ಸಮೇತ ಮಂಚದ ಮೇಲೆ ಬಿದ್ದಿತ್ತು. ಮಂಚದ ಕಾಲುಗಳು ಚಪ್ಪಟೆ. ನಿನ್ನೆ ನಾನೇ ಕೊಡವಿ ಇಟ್ಟಿದ್ದ ದಿಂಬಿನ ಜಾಗದಲ್ಲಿ ತಲೆಯಷ್ಟು ದೊಡ್ಡ ಗಡ್ಡೆ. ಮೇಲೆ ತುಕ್ಕು ತಿಂದ ಕಂಬಿಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ಅವುಗಳ ಮೇಲೆ ಇನ್ನೂ ಆ ಟ್ಯಾಂಕುಗಳ ಭಾರ.

ನಮ್ಮವರು ಬರಿಗಾಲಲ್ಲೇ ಮೇಲೆ ಹೋದರು. ಹೋಗಬೇಡಿ ಎಂದು ನಾನು ಅತ್ತರೂ ಕೇಳದೆ, ಮಮ್ಟಿಯ ಗೋಡೆಗೆ ಒರಗಿಕೊಂಡೇ ಕೈ ಚಾಚಿ ಟ್ಯಾಂಕುಗಳ ಪೈಪು ಒಂದೊಂದಾಗಿ ಕಿತ್ತರು. ಹಬ್ಬಕ್ಕೆ ತುಂಬಿಟ್ಟ ನೀರೆಲ್ಲ ಮಳೆಗಾಲದಂತೆ ಕೆಳಗೆ ಸುರಿಯಿತು. ತ್ಯಾಗಿ ಜೀ ಬನಿಯನ್ನಿನಲ್ಲೇ ಬೈಯುತ್ತ ಮೇಲೆ ಬಂದರು. ಕೋಣೆಯ ಬಾಗಿಲಲ್ಲಿ ನಿಂತು ಮಂಚ ನೋಡಿದರು, ಸೂರು ನೋಡಿದರು, ನನ್ನ ಕಡೆ ತಿರುಗಿ ಕೈಮುಗಿದರು. “ಮಾಫ್ ಕರ್ನಾ ಬೆಹನ್ ಜೀ” ಎಂದು ಕ್ಷಮೆ ಕೇಳಿದರು. ಮಧ್ಯಾಹ್ನದೊಳಗೆ ಇಂಜಿನಿಯರು ಬಂದರು, ಮೇಲಿನ ಮನೆಗಳನ್ನು ಖಾಲಿ ಮಾಡಿಸಿದರು, ಕಬ್ಬಿಣದ ಕಂಬಗಳನ್ನು ತಂದು ಸೂರಿಗೆ ಆನಿಸಿದರು.

ಅಂದಿನಿಂದ ವಾರಗಟ್ಟಲೆ ನಾವು ನೆಲಮಹಡಿಯಲ್ಲಿ ತ್ಯಾಗಿ ಜೀ ಬಿಟ್ಟುಕೊಟ್ಟ ಕೋಣೆಯಲ್ಲಿದ್ದೆವು. ಹೊರಗೆ ಹೊಗೆ ಕವಿದು ನಕ್ಷತ್ರವಿರಲಿ, ಎದುರಿನ ಬ್ಲಾಕೂ ಕಾಣುತ್ತಿರಲಿಲ್ಲ. ಕಟ್ಟಡ ನೆಟ್ಟಗಿದೆಯೋ ವಾಲುತ್ತಿದೆಯೋ ನೋಡಲು ನನಗೆ ಧ್ರುವನೂ ಇಲ್ಲ. ಒಂದು ಸಂಜೆ ಮಾವನವರಿಗೆ ಗಂಜಿ ಕುಡಿಸುತ್ತಿದ್ದೆ. ಅವರು ಸೂರಿನ ಕಡೆ ನೋಡುತ್ತ, “ಇಲ್ಲಿ ಸದ್ದಿಲ್ಲ,” ಎಂದರು.

“ಯಾವ ಸದ್ದು ಮಾವ?”

“ಅಲ್ಲಿ ಇರ್ತಿತ್ತಲ್ಲ. ಟಿಕ್ ಟಿಕ್ ಅಂತ. ಮಳೆಗಾಲದಿಂದ್ಲೂ ಕೇಳ್ತಿತ್ತು. ಎಲ್ರೂ ಮಲಗಿದ ಮೇಲೆ, ನೀರು ತುಂಬಿದ ರಾತ್ರಿ ಜಾಸ್ತಿ. ಎದೆ ಮೇಲೆ ರೇಡಿಯೋ ಇಟ್ಕೊಳ್ತಿದ್ದದ್ದು ಅದಕ್ಕೇ, ಅದು ಕೇಳದಿರಲಿ ಅಂತ. ನಿನಗೆ ಹೆದರಿಕೆ ಆಗ್ತಿದೆಯಾ ಅಂತ ಕೇಳಿದ್ನಲ್ಲ ಆವತ್ತು, ನನ್ನೊಬ್ಬನಿಗೇ ಅಲ್ಲವಲ್ಲ ಅಂತ ಎಷ್ಟು ಸಮಾಧಾನ ಆಯ್ತು ಗೊತ್ತಾ.”

ಹಬ್ಬದ ಹಿಂದಿನ ಸಂಜೆ ವಾಕರ್ ಹಿಡಿದು ಸಿದ್ಧವಾಗಿ ಕೂತಿದ್ದ ಆ ಬಿಳಿಚಿದ ಮುಖ ಕಣ್ಣೆದುರು ಬಂತು. ಎಲ್ಲ ಗೊತ್ತಿದ್ದೂ ಅದರ ಕೆಳಗೆ ಮಲಗಲು ಹೊರಟಿದ್ದರು.

“ಅಯ್ಯೋ ಮಾವ, ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಮುದುಕನಿಗೆ ಅರಳುಮರಳು ಅಂತಿದ್ರಿ. ನಿನ್ನ ಹತ್ರ ಗೆರೆ ಇತ್ತು ತೋರಿಸೋಕೆ. ಆದ್ರೂ ಯಾರೂ ನಂಬಲಿಲ್ಲ. ನನ್ನ ಹತ್ರ ಏನಿತ್ತಮ್ಮ?”

ಮಾವನವರು ಈಗಿಲ್ಲ. ಸೂರು ಹೊಸದಾಗಿ ಹಾಕಿಸಿದ ಮೇಲೆ ಅದೇ ಕೋಣೆಯಲ್ಲಿ ಎರಡು ಚಳಿಗಾಲ ಬಾಳಿ, ನಿದ್ದೆಯಲ್ಲೇ ಹೋದರು. ಟ್ಯಾಂಕುಗಳು ಈಗ ಗೋಡೆಗಳ ಮೇಲಿನ ತೊಲೆಗಳ ಮೇಲೇ ನಿಲ್ಲುತ್ತವೆ, ನೀರು ಕಾದರೆ ಕಾಯಲಿ ಎಂದು. ಆ ಹರಿದ ಸೆರಗಿನ ಫೋಟೋ ಕೂಡ ಆಮೇಲೆ ಬಂತು, ಒಂದು ಜೀರಿಗೆಯೂ ಇಲ್ಲದೆ. ಈಗಲೂ ಸಂಜೆ ಮೇಲೆ ಹೋದರೆ ಮೊದಲು ಪುಟ್ಟ ದುರ್ಬೀನಿಗೇ ಕಣ್ಣು, ಉಸಿರು ಬಿಗಿಹಿಡಿದು.

ರೇಣುಕಾಳ ಅತ್ತೆಯನ್ನು ನಾನು ಕೇಳಿದ್ದು ಇಷ್ಟೇ. “ಅಮ್ಮಾ, ರಾತ್ರಿ ಮಲಗಿದಾಗ ಸೂರಿನಲ್ಲಿ ಏನಾದ್ರೂ ಸದ್ದು ಕೇಳುತ್ತಾ? ಕೇಳಿದ್ರೆ ಹೇಳಿ, ನಾನು ನಂಬ್ತೀನಿ.” ಅವರು ಬಾಗಿಲಲ್ಲಿದ್ದ ಮಗ ಸೊಸೆಯ ಕಡೆ ಒಮ್ಮೆ ನೋಡಿದರು. “ಏನೂ ಇಲ್ಲಮ್ಮ, ಮನೆ ಚೆನ್ನಾಗಿದೆ,” ಎಂದರು. ಹಾಗೆನ್ನುವಾಗ ನನ್ನ ಕೈ ಹಿಡಿದುಕೊಂಡವರು, ಊಟಕ್ಕೆ ಕರೆ ಬಂದರೂ ಬಿಡಲಿಲ್ಲ. ನಾಳೆ ಮತ್ತೆ ಘಾಜಿಯಾಬಾದಿಗೆ ಹೋಗುತ್ತಿದ್ದೇನೆ. ರೇಣುಕಾ ಬೈದುಕೊಂಡರೂ ಸರಿ.